ಫ್ಲೋರೈಡ್ ನೀರು: ಊರಿನ ಘಟಕಕ್ಕೆ ಬೀಗ ಬಿದ್ದಿದೆ, ಮನೆಗೇ ಆರ್‌ಒ ಹಾಕಿಸೋದಾ?

ಪಾವಗಡದ ಸೊಸೆ
ಎಲ್ಲರಿಗೂ ನಮಸ್ಕಾರ. ನನ್ನ ಗಂಡನ ಊರು ಪಾವಗಡದ ಕಡೆ. ಊರಲ್ಲಿ ಒಂದು ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತಿತ್ತು. ಬೇಸಿಗೆ ಶುರುವಾದಾಗಿನಿಂದ ಅದಕ್ಕೆ ಬೀಗ. ಪಂಚಾಯ್ತಿಯವರು ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾರೆ, ಗುತ್ತಿಗೆದಾರ ಫೋನೇ ಎತ್ತುವುದಿಲ್ಲ. ಕ್ಯಾನ್ ನೀರು ಆಟೋದಲ್ಲಿ ಬರುತ್ತದೆ, ಆದರೆ ದಿನಾ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಎಲ್ಲರ ಕೈಲಿ ಆಗಲ್ಲ. ಹಾಗಾಗಿ ಅರ್ಧ ಊರು ಮತ್ತೆ ನಲ್ಲಿ ನೀರಿಗೇ ಬಂದಿದೆ. ನಲ್ಲಿ ನೀರು ಅಂದರೆ ಬೋರ್ ನೀರು. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಅದರಲ್ಲಿ ಜಾಸ್ತಿ ಅಂತಾರೆ.

ನಾದಿನಿಯ ಮಗನಿಗೆ ಒಂಬತ್ತು ವರ್ಷ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ. ಮಾವನವರಿಗೆ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಕೂತರೆ ಏಳಲು ಗೋಡೆ ಹಿಡಿಯಬೇಕು. "ವಯಸ್ಸಾಯ್ತಮ್ಮ" ಅಂತಾರೆ. ಇನ್ನೂ ಅರವತ್ತು ತುಂಬಿಲ್ಲ, ಅದೇನು ಮಹಾ ವಯಸ್ಸು?

ಮನೆಗೇ ಆರ್‌ಒ ಹಾಕಿಸೋಣ ಅಂತ ಗಂಡ ಹೇಳುತ್ತಾರೆ. ನೀರು ಅರ್ಧಕ್ಕರ್ಧ ಪೋಲಾಗುತ್ತದೆ ಅಂತ ಮಾವ ಬೇಡ ಅಂತಾರೆ. ನಾದಿನಿಗೆ ಎರಡು ವರ್ಷದ ಇನ್ನೊಂದು ಮಗು ಇದೆ. ಅದರ ಹಲ್ಲಾದರೂ ಉಳಿಯಬೇಕು. ತಿಳಿದವರು ಹೇಳಿ.

ಕಾಫಿ ಲೋಟ
ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಯಾವ ರೋಗವೂ ಬರಲ್ಲ.

ಲ್ಯಾಬ್ ಮೇಷ್ಟ್ರು
@ಕಾಫಿ ಲೋಟ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಕ್ಲೋರಿನ್, ಬಟ್ಟೆಯಲ್ಲಿ ಸೋಸುವುದು, ಇವು ಯಾವುದರಿಂದಲೂ ಫ್ಲೋರೈಡ್ ಹೋಗಲ್ಲ. ಆರ್‌ಒದಿಂದ ಬಹುಪಾಲು ಹೋಗುತ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ಅಂತ ಇನ್ನೊಂದು ಫಿಲ್ಟರ್ ಬರುತ್ತದೆ, ಅದರಿಂದಲೂ ಹೋಗುತ್ತದೆ. ಆದರೆ ಅದರ ಕಾಳು ತುಂಬಿಕೊಂಡ ಮೇಲೆ ರಾಸಾಯನಿಕ ಹಾಕಿ ತೊಳೆದು ಮತ್ತೆ ಸಿದ್ಧ ಮಾಡಬೇಕು. ಆ ಕೆಲಸ ಯಾರೂ ಮಾಡಲ್ಲ.

ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಅಮ್ಮಾ, ನಿಮ್ಮ ಬೋರ್‌ನಲ್ಲಿ ಎಷ್ಟಿದೆ? ಅದು ಗೊತ್ತಾಗದೆ ಮುಂದಿನ ಮಾತೆಲ್ಲ ಸುಮ್ನೆ.

ಬೆಂಗಳೂರು ಬಾಡಿಗೆದಾರ
ಟಿಡಿಎಸ್ ಮೀಟರ್ ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ. ಪೆನ್ ತರಹ ಇರುತ್ತದೆ, ಅದ್ದಿ ನೋಡಿ. 500 ದಾಟಿದರೆ ಆರ್‌ಒ ಹಾಕಿಸಿ.

ಲ್ಯಾಬ್ ಮೇಷ್ಟ್ರು
ಟಿಡಿಎಸ್ ಬೇರೆ, ಫ್ಲೋರೈಡ್ ಬೇರೆ. ಆ ಪೆನ್ನು ನೀರಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ಅಂದಾಜು ಹೇಳುತ್ತದೆ. ಟಿಡಿಎಸ್ 400 ಇದ್ದು ಫ್ಲೋರೈಡ್ 3 ಇರುವ ನೀರು ಇರಬಹುದು. 900 ಇದ್ದು ಫ್ಲೋರೈಡ್ ಅರ್ಧ ಮಿಲಿಗ್ರಾಂ ಇರುವ ನೀರೂ ಇರಬಹುದು. ಬಯಲುಸೀಮೆಯಲ್ಲಿ ಫ್ಲೋರೈಡ್ ಜಾಸ್ತಿ ಇರುವ ನೀರು ಎಷ್ಟೋ ಸಲ ಮೆದುವಾಗಿರುತ್ತದೆ, ರುಚಿಯೂ ಚೆನ್ನಾಗಿರುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಾಗ ಕಲ್ಲಿನಿಂದ ಫ್ಲೋರೈಡ್ ಜಾಸ್ತಿ ಬಿಡುತ್ತದೆ, ಅದಕ್ಕೆ.

ಮಾತಿನ ಮಲ್ಲಿ
ಪೆನ್ನು ಹೋಗಲಿ, ಮನೆಗೆ ಬರುವ ಸೇಲ್ಸ್ ಹುಡುಗರು ಎರಡು ಕಡ್ಡಿ ಇರುವ ಮೆಷಿನ್ನು ನೀರಿಗೆ ಇಟ್ಟು ಕರೆಂಟ್ ಹಾಯಿಸುತ್ತಾರಲ್ಲ? ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. "ನೋಡಿ ಮೇಡಂ, ಎಂಥ ವಿಷ ಕುಡೀತಿದ್ದೀರಿ" ಅಂತ. ನಮ್ಮ ಬೀದಿಯಲ್ಲಿ ಅದು ನೋಡಿ ಎಷ್ಟೋ ಮನೆಯವರು ಮೆಷಿನ್ ತೆಗೆದುಕೊಂಡರು.

ಲ್ಯಾಬ್ ಮೇಷ್ಟ್ರು
ಆ ಕೆಸರು ಅವರ ಕಬ್ಬಿಣದ ಕಡ್ಡಿಯೇ ಕರಗಿ ಬಂದಿದ್ದು. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಕಾವೇರಿ ನೀರಿಗೆ ಇಟ್ಟರೂ ಬಣ್ಣ ಬರುತ್ತದೆ.

ಗಡಿನಾಡ ಗಂಗಣ್ಣ
ನಾನು ಬಾಗೇಪಲ್ಲಿ ಕಡೆಯವನು. ನಮ್ಮಲ್ಲೂ ಇದೇ ಕಥೆ. ನಮ್ಮಪ್ಪನ ಕಾಲದಲ್ಲಿ ತೆರೆದ ಬಾವಿ ಇತ್ತು, ಮೂವತ್ತು ನಲವತ್ತು ಅಡಿಗೆ ನೀರು. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು. ಆಮೇಲೆ ಬೋರ್ ಬಂತು. ಮುನ್ನೂರು ಅಡಿ, ಆರುನೂರು ಅಡಿ, ಈಗ ಸಾವಿರ ದಾಟಿದೆ. ಅಷ್ಟು ಆಳದ ಕಲ್ಲಿನ ಬಿರುಕಲ್ಲಿ ಎಷ್ಟು ಕಾಲದಿಂದ ನಿಂತಿದ್ದ ನೀರೋ ಏನೋ. ಗ್ರಾನೈಟ್ ಕಲ್ಲಲ್ಲಿರುವ ಫ್ಲೋರೈಡ್ ಅದರಲ್ಲಿ ಇಳಿಯದೆ ಇನ್ನೇನು? ಕೆರೆ ಹೂಳು ತೆಗೆದು ಹಳೇ ಬಾವಿಗಳಿಗೆ ಜೀವ ಕೊಟ್ಟರೆ ಯಾವ ಆರ್‌ಒ ಕೂಡ ಬೇಕಾಗಿಲ್ಲ. ನಮ್ಮ ಹಿರಿಯರು ಕುಡಿದು ಗಟ್ಟಿಯಾಗಿದ್ದರು.

ದೋಆಬ್ ಹುಡುಗ
ಗಂಗಣ್ಣಾರ, ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ. ಇನ್ನರ್ಧ ಕೇಳಿದರೆ ನಮ್ಮಜ್ಜಿ ಬಡಿಗೆ ತಗೊಂಡು ಬರುತ್ತಿದ್ದಳು.

ನಾವು ರಾಯಚೂರಿನವರು. ಅಜ್ಜಿಯ ಮೀನಗಂಡದ ಮೇಲೆ ಸುಟ್ಟ ಹಾಗೆ ಗುರುತು ಇತ್ತು. ನಾರುಹುಣ್ಣು. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ. ಮೆಟ್ಟಿಲು ಬಾವಿಯ ನೀರಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹುಳ ಇರುತ್ತಿತ್ತು. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದರೆ ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಮೀಟರ್ ಉದ್ದದ ಹುಳ ಹೊರಗೆ ಬರುತ್ತದೆ. ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ತುಂಡಾದರೆ ಕೀವು ತುಂಬಿ ಕಾಲೇ ಊರಲಾಗುವುದಿಲ್ಲ. ಉರಿ ತಾಳದೆ ಆ ಕಾಲನ್ನು ಮತ್ತೆ ಬಾವಿಯ ಮೆಟ್ಟಿಲಿಗೇ ಇಳಿಸುತ್ತಿದ್ದರು, ಹುಳ ಅಲ್ಲಿ ಮರಿ ಬಿಡುತ್ತಿತ್ತು. ಅದೂ ಬಿತ್ತುವ, ಕೊಯ್ಯುವ ಹಂಗಾಮಿನಲ್ಲೇ ಬಂದರೆ ಆ ವರ್ಷದ ದುಡಿಮೆ ಹೋದಂಗೆ.

ಅದು ಹೋಗಿದ್ದು ಹೇಗೆ? 1980ರ ದಶಕದಲ್ಲಿ ಕಾರ್ಯಕ್ರಮ ಶುರುವಾಯಿತು. ಮೆಟ್ಟಿಲು ಬಾವಿ ಮುಚ್ಚಿದರು, ಇಲ್ಲವೇ ನೀರಿಗೆ ಕಾಲಿಡದ ಹಾಗೆ ಕಟ್ಟೆ ಕಟ್ಟಿದರು, ನೀರು ಬಟ್ಟೆಯಲ್ಲಿ ಸೋಸಲು ಹೇಳಿದರು. ಜೊತೆಗೆ ಬೋರು, ಕೈಪಂಪು. ದೇಶದಲ್ಲಿ ಕೊನೆಯ ರೋಗಿ ಕಂಡಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಮುಕ್ತ ಅಂತ ಘೋಷಣೆಯಾಯಿತು. ಹಂಗಾಗಿ ಬೋರ್‌ವೆಲ್ಲನ್ನು ಪೂರ್ತಿ ವಿಲನ್ ಮಾಡಬೇಡಿ. ಹಿರಿಯರು ಗಟ್ಟಿಯಾಗಿದ್ದರು ಅನ್ನುತ್ತೀರಿ. ಉಳಿದವರು ಗಟ್ಟಿಯಾಗಿದ್ದರು. ವಾಂತಿಭೇದಿಗೆ ಹೋದ ಕೂಸುಗಳ ಲೆಕ್ಕ ಯಾರು ಇಟ್ಟಿದ್ದಾರೆ?

ಗಡಿನಾಡ ಗಂಗಣ್ಣ
ನಾರುಹುಣ್ಣು ನಮ್ಮ ಕಡೆ ಕೇಳಿದ್ದಿಲ್ಲ, ನಮ್ಮದು ಸೇದುವ ಬಾವಿ. ಆದರೂ ಒಂದು ಕೇಳುತ್ತೇನೆ. ಒಂದು ರೋಗ ಹೋಗಲಿ ಅಂತ ಕೊಟ್ಟ ನೀರಲ್ಲಿ ಇನ್ನೊಂದು ಬಂದರೆ, ಅದನ್ನು ಮೊದಲೇ ಪರೀಕ್ಷೆ ಮಾಡಬೇಕಾಗಿತ್ತೋ ಇಲ್ಲವೋ?

ದೋಆಬ್ ಹುಡುಗ
ಅದು ಸರಿಯಾದ ಪ್ರಶ್ನೆ. ಬಾಂಗ್ಲಾದೇಶದಲ್ಲಿ ಇದಕ್ಕಿಂತ ದೊಡ್ಡದಾಗಿ ಆಗಿದೆ. ಕೆರೆ ಕುಂಟೆ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತವೆ ಅಂತ 70ರ ದಶಕದಿಂದ ಕೊಳವೆ ಬಾವಿ ಹಾಕಿಸುತ್ತಾ ಹೋದರು. 90ರ ದಶಕದಲ್ಲಿ ನೋಡಿದರೆ ಅದರಲ್ಲಿ ಆರ್ಸೆನಿಕ್. ಕೊನೆಗೆ ಪಂಪುಗಳಿಗೆ ಕೆಂಪು, ಹಸಿರು ಬಣ್ಣ ಬಳಿದರು. ಕೆಂಪು ಇದ್ದರೆ ಕುಡಿಯಬೇಡಿ ಅಂತ.

ಮಾತಿನ ಮಲ್ಲಿ
ಆ ಬಣ್ಣದ ಉಪಾಯ ಚೆನ್ನಾಗಿದೆ. ನಮ್ಮಲ್ಲಿ ಬಳಿದಿದ್ದರೆ ಯಾವುದೋ ಪಕ್ಷದ ಬಣ್ಣ ಅಂತ ಜಗಳ ಆಗ್ತಿತ್ತು 😀

ಅರುಷಾ ಕನ್ನಡಿಗ
ತಾಂಜಾನಿಯಾದಿಂದ ನಮಸ್ಕಾರ. ಕೆಲಸಕ್ಕೆಂದು ಅರುಷಾದಲ್ಲಿದ್ದೇನೆ. ಮೇರು ಪರ್ವತದ ಬುಡ, ಎಲ್ಲಾ ಜ್ವಾಲಾಮುಖಿ ಕಲ್ಲು. ಇಲ್ಲಿಯವರ ಹಲ್ಲು ನೋಡಿದರೆ ನಮ್ಮ ಮಧುಗಿರಿ, ಪಾವಗಡದವರು ನೆನಪಾಗುತ್ತಾರೆ, ಅಷ್ಟೇ ಕಂದು. ಇಥಿಯೋಪಿಯಾ, ಕೀನ್ಯಾ, ತಾಂಜಾನಿಯಾ, ಪೂರ್ವ ಆಫ್ರಿಕಾದ ಬಿರುಕು ಕಣಿವೆಯ (ರಿಫ್ಟ್ ವ್ಯಾಲಿ) ಉದ್ದಕ್ಕೂ ಇದೇ ಸಮಸ್ಯೆ. ಇಲ್ಲಿ ಇನ್ನೊಂದು ತಾಪತ್ರಯ. ಅವರೆಕಾಳಿನಂಥ ಕಾಳು ಬೇಗ ಬೇಯಲಿ ಅಂತ ಮಗಾದಿ ಅಂತ ಒಂದು ಉಪ್ಪು ಹಾಕುತ್ತಾರೆ, ನಮ್ಮ ಅಡುಗೆ ಸೋಡಾ ತರಹ. ಅದರಲ್ಲೂ ಫ್ಲೋರೈಡ್ ಇರುತ್ತದೆ. ನೀರು ಬದಲಿಸಿದರೂ ಉಪ್ಪಿನಿಂದ ಹೊಟ್ಟೆಗೆ ಹೋಗುತ್ತದೆ.

ಪೂರ್ವ ಆಫ್ರಿಕಾದಲ್ಲಿ ಮೂಳೆ ಸುಟ್ಟ ಇದ್ದಿಲಿನ ಫಿಲ್ಟರ್ ಬಳಸುತ್ತಾರೆ. ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ, ಖರ್ಚೂ ಕಡಿಮೆ. ನಮ್ಮಲ್ಲಿ ಯಾಕೆ ಇಲ್ಲ?

ಗಡಿನಾಡ ಗಂಗಣ್ಣ
ದನದ ಮೂಳೆಯಲ್ಲಿ ಸೋಸಿದ ನೀರು ಅಂತ ನಮ್ಮೂರಲ್ಲಿ ಹೇಳಿ ನೋಡಿ ಸ್ವಾಮಿ. ಫ್ಲೋರೈಡೇ ವಾಸಿ ಅಂತಾರೆ.

ಲ್ಯಾಬ್ ಮೇಷ್ಟ್ರು
ನಮ್ಮಲ್ಲಿ ಬಂದದ್ದು ನಲ್ಗೊಂಡ ವಿಧಾನ. ನಾಗಪುರದ ನೀರಿ (NEERI) ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರದು. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ ಇಟ್ಟರೆ ಫ್ಲೋರೈಡ್ ಗಷ್ಟಿನ ಜೊತೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರು ಬಸಿದುಕೊಳ್ಳಬೇಕು. ಕೇಳಲು ಸುಲಭ. ಆದರೆ ದಿನಾ ಅಳತೆ ಸರಿಯಾಗಿ ಹಾಕಬೇಕು. ಪಟಿಕ ಹೆಚ್ಚಾದರೆ ನೀರಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ, ಕಡಿಮೆಯಾದರೆ ಫ್ಲೋರೈಡ್ ಉಳಿಯುತ್ತದೆ. ಆ ಗಷ್ಟನ್ನು ಎಲ್ಲಿ ಸುರಿಯೋದು ಅನ್ನುವುದು ಬೇರೆ ತಲೆನೋವು.

ಕಾಯಿನ್ ಬಾಕ್ಸ್
ನಾನು ಕೆಲವು ವರ್ಷ ಇಂಥದ್ದೇ ಘಟಕ ನೋಡಿಕೊಂಡಿದ್ದವನು. ಊರು ಬೇಡ. ಘಟಕಕ್ಕೆ ಬೀಗ ಯಾಕೆ ಬೀಳುತ್ತದೆ ಅಂತ ಹೇಳುತ್ತೇನೆ, ಬೈಯುವವರು ಆಮೇಲೆ ಬೈಯಿರಿ.

ಲೆಕ್ಕ ಹಾಕಿ. ದಿನಕ್ಕೆ ಐವತ್ತು ಕ್ಯಾನ್ ಹೋದರೆ 250 ರೂಪಾಯಿ. ತಿಂಗಳಿಗೆ 7500. ಅದರಲ್ಲಿ ಆಪರೇಟರ್ ಸಂಬಳ, ಕರೆಂಟು, ಕಾರ್ಟ್ರಿಜ್, ಒಳಗೆ ಉಪ್ಪು ಕಟ್ಟದಿರಲು ಹಾಕುವ ಔಷಧ. ಮೆಂಬ್ರೇನ್ ಅಂದರೆ ನೀರು ಸೋಸುವ ಪೊರೆ, ಅದನ್ನು ಎರಡು ಮೂರು ವರ್ಷಕ್ಕೆ ಬದಲಿಸಬೇಕು, ಒಂದೇ ಸಲಕ್ಕೆ ಹತ್ತಾರು ಸಾವಿರ. ಆ ದುಡ್ಡನ್ನು ತಿಂಗಳು ತಿಂಗಳು ಎತ್ತಿಟ್ಟರೆ ಮಾತ್ರ ಸಿಗುತ್ತದೆ. ಯಾರು ಎತ್ತಿಡುತ್ತಾರೆ? ಟೆಂಡರ್‌ನಲ್ಲಿ ಇಷ್ಟು ವರ್ಷ ನಿರ್ವಹಣೆ ಅಂತ ಇರುತ್ತದೆ. ಅದು ಮುಗಿಯಿತು ಅಂದ ಕೂಡಲೇ ಕಂಪನಿಯವರು ನಾಪತ್ತೆ.

ಇನ್ನು ಕರೆಂಟು. ಹಳ್ಳಿಯಲ್ಲಿ ತ್ರೀ ಫೇಸ್ ಬರೋದು ಅವರಿಗೆ ಇಷ್ಟ ಬಂದ ಹೊತ್ತಿಗೆ. ಮೆಷಿನ್ ದಿನಗಟ್ಟಲೆ ಸುಮ್ಮನೆ ನಿಂತರೆ ಮೆಂಬ್ರೇನ್ ಒಳಗೆ ಲೋಳೆ ಕಟ್ಟುತ್ತದೆ, ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಬೋರೇ ಬತ್ತಿದರೆ ಘಟಕಕ್ಕೆ ಏನು ಹಾಕೋದು? ಊರಿಗೆ ನಲ್ಲಿ ನೀರೂ ಅದೇ ಬೋರಿನಿಂದ. ಘಟಕ ಓಡಿಸಿದರೆ "ನೀನು ಅರ್ಧ ನೀರು ಚರಂಡಿಗೆ ಬಿಡ್ತೀಯ" ಅಂತ ಜಗಳ, ಓಡಿಸದಿದ್ದರೂ ಜಗಳ.

ಒಂದು ಮಾತು ಹೇಳಲೇಬೇಕು. ಕಾಯಿನ್ ಹಾಕಿ ತಗೊಂಡ ನೀರೆಲ್ಲ ಒಳ್ಳೆಯ ನೀರು ಅಂತ ನಂಬಬೇಡಿ. ಮೆಂಬ್ರೇನ್ ಹರಿದಿದ್ದರೂ ಮೆಷಿನ್ ನೀರು ಕೊಡುತ್ತದೆ. ಬೈಪಾಸ್ ಪೈಪ್ ಹಾಕಿ ಹಾಗೇ ಬೋರ್ ನೀರು ಬಿಟ್ಟಿದ್ದನ್ನೂ ನೋಡಿದ್ದೇನೆ. ಕುಡಿಯುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬೆಂಗಳೂರು ಬಾಡಿಗೆದಾರ
ಬೈಪಾಸ್?! ಕೇಸ್ ಹಾಕಬೇಕು ಅಂಥವರ ಮೇಲೆ.

ಕಾಯಿನ್ ಬಾಕ್ಸ್
ಯಾರ ಮೇಲೆ ಹಾಕ್ತೀರಿ? ಆಪರೇಟರ್ ಹುಡುಗನಿಗೆ ಸಂಬಳ ಬಂದು ಆರು ತಿಂಗಳಾಗಿರುತ್ತದೆ.

ಊಟದ ಡಬ್ಬಿ
ಎಲ್ಲರೂ ನೀರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ತಟ್ಟೆಯ ಕಡೆಯೂ ನೋಡೋಣ. ನಾನು ಆಹಾರ ತಜ್ಞೆ, ಸರ್ಕಾರಿ ಕೆಲಸ ಅಲ್ಲ.

ಒಂದೇ ಬೋರ್‌ನ ನೀರು ಕುಡಿದರೂ ಎಲ್ಲರಿಗೂ ಒಂದೇ ಮಟ್ಟದಲ್ಲಿ ತೊಂದರೆ ಆಗುವುದಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೆ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಕಟ್ಟಿಹಾಕುತ್ತದೆ. ರಕ್ತಕ್ಕೆ ಹೋಗುವುದು ಕಡಿಮೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಎನ್‌ಐಎನ್) ವಿಜ್ಞಾನಿಗಳು, ಫ್ಲೋರೈಡ್ ಇರುವ ಊರುಗಳ ಹುಡುಗರಲ್ಲಿ ಮಂಡಿ ಒಳಕ್ಕೆ ಬಾಗುವ ತೊಂದರೆಯನ್ನು ವರದಿ ಮಾಡಿದ್ದರು. ಬರೀ ಫ್ಲೋರೈಡ್ ಅಲ್ಲ, ಬಡತನದ ಊಟವೂ ಅದರಲ್ಲಿ ಸೇರಿಕೊಂಡಿತ್ತು. ಜೋಳವೇ ಮುಖ್ಯ ಊಟ ಆದಾಗ ಅಕ್ಕಿಗಿಂತ ಜಾಸ್ತಿ ಫ್ಲೋರೈಡ್ ಮೈಯಲ್ಲಿ ಉಳಿಯುತ್ತದೆ ಅಂತಲೂ ಅದೇ ಸಂಸ್ಥೆಯವರು ಆಮೇಲೆ ಕಂಡುಕೊಂಡರು.

ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಎಳ್ಳಿನಲ್ಲಿ ಸಾವಿರಕ್ಕೂ ಮೇಲೆ. ನುಗ್ಗೆಸೊಪ್ಪು ಹಿತ್ತಲಲ್ಲೇ ಇರುತ್ತದೆ. ಹಾಲು, ಮೊಸರು ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ವಿಟಮಿನ್ ಸಿ ಇರುವ ನೆಲ್ಲಿಕಾಯಿ, ನಿಂಬೆ, ಸೀಬೆ. ಶಾಲೆಯಲ್ಲಿ 2013ರಿಂದ ಹಾಲು ಕೊಡುತ್ತಿದ್ದಾರೆ, 2024ರಿಂದ ರಾಗಿ ಮಾಲ್ಟ್ ಕೂಡ ಸೇರಿದೆ. ಫ್ಲೋರೈಡ್ ಇರುವ ತಾಲ್ಲೂಕಿನ ಮಕ್ಕಳು ಅದನ್ನು ಬಿಡಲೇಬಾರದು. ಆದರೆ ಆ ಮಾಲ್ಟ್ ಕಲಸುವುದು ಯಾವ ನೀರಲ್ಲಿ ಅಂತ ಒಮ್ಮೆ ಹೋಗಿ ನೋಡಿ.

ಕಡಿಮೆ ಮಾಡಬೇಕಾದದ್ದು: ಬ್ಲ್ಯಾಕ್ ಟೀ. ಟೀ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಕಪ್ಪು ಉಪ್ಪು, ಅದು ಹಾಕಿದ ಚಾಟ್, ಜಲ್‌ಜೀರಾ. ಮಕ್ಕಳು ಫ್ಲೋರೈಡ್ ಇರುವ ಟೂತ್‌ಪೇಸ್ಟ್ ನುಂಗದ ಹಾಗೆ ನೋಡಿಕೊಳ್ಳಬೇಕು.

ದೋಆಬ್ ಹುಡುಗ
ಜೋಳಕ್ಕೆ ಯಾಕ್ರಿ ಕೈ ಹಾಕ್ತೀರಿ? ಮುದ್ದೆ ಪಕ್ಷದವರ ಪಿತೂರಿ ಇದು.

ಗಡಿನಾಡ ಗಂಗಣ್ಣ
ರಾಗಿ ತಿಂದವನಿಗೆ ರೋಗವಿಲ್ಲ ಅಂತ ಸುಮ್ನೆ ಹೇಳಿದ್ದಾ? 💪

ದೋಆಬ್ ಹುಡುಗ
ಹಂಗಾದರೆ ದಿನಾ ಮುದ್ದೆ ಉಣ್ಣುವ ಪಾವಗಡದವರಿಗೆ ಯಾಕೆ ಮಂಡಿ ನೋವು?

ಊಟದ ಡಬ್ಬಿ
ಉತ್ತರ ಇಬ್ಬರಿಗೂ ಸೇರಿಸಿ. ಜೋಳ ಬಿಡಿ ಅಂತ ನಾನು ಹೇಳಿಲ್ಲ, ರೊಟ್ಟಿಯ ಜೊತೆ ಮೊಸರು, ಶೇಂಗಾ ಬದಲು ಎಳ್ಳಿನ ಹಿಂಡಿ, ಸೊಪ್ಪಿನ ಪಲ್ಯ ಇರಲಿ ಅಂದೆ. ಮತ್ತೆ ರಾಗಿ ರಕ್ಷಾಕವಚವೂ ಅಲ್ಲ. ಈಗ ಪಾವಗಡದಲ್ಲೂ ರೇಷನ್ ಅಕ್ಕಿಯೇ ಜಾಸ್ತಿ ಅಲ್ವಾ? ನೀರಲ್ಲಿ ನಾಲ್ಕು ಐದು ಮಿಲಿಗ್ರಾಂ ಇದ್ದರೆ ಊಟ ಎಷ್ಟೇ ಚೆನ್ನಾಗಿದ್ದರೂ ಪೂರ್ತಿ ತಡೆಯಲ್ಲ. ನೀರು ಮೊದಲು, ಊಟ ಅದರ ಜೊತೆಗೆ.

ಕಾಫಿ ಲೋಟ
ಹುಣಸೆಹಣ್ಣಿನ ರಸ ಕುಡಿದರೆ ಫ್ಲೋರೈಡ್ ಎಲ್ಲಾ ಹೊರಗೆ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಇದಾದರೂ ನಿಜಾನಾ, ಇದಕ್ಕೂ ಬೈತೀರಾ?

ಊಟದ ಡಬ್ಬಿ
ಇದರಲ್ಲಿ ಸ್ವಲ್ಪ ನಿಜ ಇದೆ. 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಹುಣಸೆ ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಹೋಗಿತ್ತು. ಅಷ್ಟೇ. ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದು ಇಳಿಯುತ್ತದೆ ಅಂತ ಅದರರ್ಥ ಅಲ್ಲ. ಸಾರಿಗೆ ಹೇಗೂ ಹಾಕುತ್ತೀರಿ, ಹಾಕಿ. ರಸ ಮಾಡಿಕೊಂಡು ಲೋಟಗಟ್ಟಲೆ ಕುಡಿಯಬೇಡಿ, ಹೊಟ್ಟೆ ಕೆಡುತ್ತದೆ.

ಪಾವಗಡದ ಸೊಸೆ
ಇಷ್ಟೊಂದು ಉತ್ತರ! ಥ್ಯಾಂಕ್ಸ್. ನಾದಿನಿಗೆ ಓದಿ ಹೇಳಿದೆ. ಅವಳದು ಎರಡು ಪ್ರಶ್ನೆ. ಒಂದು, ದೊಡ್ಡವನ ಹಲ್ಲಿನ ಕಲೆ ಹೋಗುತ್ತದಾ? ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾನಂತೆ. ಎರಡು, ಮಗುವಿಗೆ ಸ್ನಾನವನ್ನೂ ಒಳ್ಳೆಯ ನೀರಲ್ಲೇ ಮಾಡಿಸಬೇಕಾ?

ಲ್ಯಾಬ್ ಮೇಷ್ಟ್ರು
ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಬೋರ್ ನೀರಲ್ಲೇ ಮಾಡಿ. ಚರ್ಮದಿಂದ ಒಳಗೆ ಹೋಗುವ ವಸ್ತು ಅಲ್ಲ ಅದು. ಕುಡಿಯುವುದಕ್ಕೆ ಮತ್ತು ಅಡುಗೆಗೆ ಮಾತ್ರ ಒಳ್ಳೆಯ ನೀರು ಬೇಕು. ಅಡುಗೆಯನ್ನು ಬಹಳ ಜನ ಮರೆಯುತ್ತಾರೆ. ಕುಡಿಯಲು ಕ್ಯಾನ್ ನೀರು, ಅನ್ನಕ್ಕೆ, ಬೇಳೆಗೆ ಬೋರ್ ನೀರು. ಅನ್ನ ಆ ನೀರನ್ನು ಪೂರ್ತಿ ಕುಡಿದಿರುತ್ತದೆ, ಅಲ್ವಾ?

ಹಲ್ಲಿನ ಕಲೆ ಉಜ್ಜಿದರೆ ಹೋಗುವುದಿಲ್ಲ, ಅದು ಹಲ್ಲು ಒಸಡಿನ ಒಳಗೆ ಬೆಳೆಯುವಾಗಲೇ ಆದದ್ದು. ದಂತವೈದ್ಯರು ಮೇಲ್ಪದರ ಸ್ವಲ್ಪ ಉಜ್ಜಿ ಕಲೆಯನ್ನು ತಿಳಿಯಾಗಿಸಬಹುದು, ಇಲ್ಲವೇ ದೊಡ್ಡವನಾದ ಮೇಲೆ ಮುಂದಿನ ಹಲ್ಲಿಗೆ ಹೊದಿಕೆ ಹಾಕಬಹುದು. ಶಾಶ್ವತ ಹಲ್ಲುಗಳ ಹೊರಪದರ ತಯಾರಾಗುವುದು ಸುಮಾರು ಎಂಟು ವರ್ಷದೊಳಗೆ. ಹಾಗಾಗಿ ಎರಡು ವರ್ಷದ ಮಗುವಿಗೆ ಈಗ ನೀರು ಬದಲಿಸಿದರೆ ಬಹಳ ಉಪಯೋಗ ಇದೆ. ತಾಯಿ ಹಾಲಲ್ಲಿ ಫ್ಲೋರೈಡ್ ತೀರಾ ಕಡಿಮೆ, ಇನ್ನೂ ಕುಡಿಸುತ್ತಿದ್ದರೆ ಮುಂದುವರಿಸಲಿ. ಡಬ್ಬಿ ಪುಡಿಯನ್ನು ಬೋರ್ ನೀರಲ್ಲಿ ಕಲಸಿ ಕೊಡುವುದು ಮಾತ್ರ ಬೇಡ.

ಮಾವನವರನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು, ಮೂಳೆಗೆ ಬರುವ ರೋಗ) ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ 2008-09ರಿಂದ ಇದೆ. ಎಕ್ಸ್‌ರೇ ತೆಗೆದರೆ ವಯಸ್ಸೋ ಫ್ಲೋರೈಡೋ ಅಂತ ಅಂದಾಜು ಸಿಗುತ್ತದೆ.

ಮಳೆರಾಯ
ಯಾರೂ ಮಳೆ ನೀರಿನ ಬಗ್ಗೆ ಹೇಳಲಿಲ್ಲವಲ್ಲ! ಮಳೆ ನೀರಲ್ಲಿ ಫ್ಲೋರೈಡ್ ಇಲ್ಲದಷ್ಟು ಕಡಿಮೆ. ಪಾವಗಡದ ಕಡೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. 50 ಚದರ ಮೀಟರ್ ಚಾವಣಿ ಇದ್ದರೆ 25,000 ಲೀಟರ್. ಸೋರಿ, ತೊಳೆದು ಹೋದದ್ದು ಕಳೆದರೂ 20,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್. ವರ್ಷಕ್ಕೆ 14,600. ಬರಗಾಲದಲ್ಲಿ ಅರ್ಧ ಮಳೆ ಬಂದರೂ ಎಂಟು ತಿಂಗಳು ದಾಟುತ್ತದೆ. ಮೆಂಬ್ರೇನ್ ಇಲ್ಲ, ಕರೆಂಟಿಲ್ಲ, ಟೆಂಡರ್ ಇಲ್ಲ.

ಕಾಯಿನ್ ಬಾಕ್ಸ್
ಲೆಕ್ಕ ಚೆನ್ನಾಗಿದೆ. ಆದರೆ ಮಳೆ ಲೆಕ್ಕದ ಪ್ರಕಾರ ಬರಲ್ಲ. ಆಗಸ್ಟಿಂದ ಅಕ್ಟೋಬರ್ ಒಳಗೆ ಸುರಿದು ಹೋಗುತ್ತದೆ. ಮುಂದಿನ ಮೇ ತನಕ ಇಡಲು ಹತ್ತು ಸಾವಿರ ಲೀಟರಿನ ತೊಟ್ಟಿ ಬೇಕು. ಅದರ ದುಡ್ಡು ಯಾರ ಹತ್ತಿರ ಇದೆ? ಹೆಂಚಿನ ಮನೆ, ಶೀಟಿನ ಮನೆಯವರು ಏನು ಮಾಡಬೇಕು?

ಮಾತಿನ ಮಲ್ಲಿ
ಮತ್ತೆ ತೊಟ್ಟಿಯಲ್ಲಿ ಸೊಳ್ಳೆ. ಡೆಂಗಿ ಸೊಳ್ಳೆಗೆ ಇಂಥ ತಿಳಿ ನೀರೇ ಬೇಕು.

ಮಳೆರಾಯ
ಹೆಂಚು, ಶೀಟು ಎರಡರಿಂದಲೂ ಹಿಡಿಯಬಹುದು, ಕಲ್ನಾರು ಶೀಟು ಮತ್ತು ಹುಲ್ಲಿನ ಚಾವಣಿ ಬೇಡ. ಮೊದಲ ಮಳೆಯ ನೀರು ಹೊರಗೆ ಬಿಡಿ. ತೊಟ್ಟಿಗೆ ಗಟ್ಟಿ ಮುಚ್ಚಳ, ಪೈಪಿನ ಬಾಯಿಗೆ ಸಣ್ಣ ಜಾಲರಿ. ಬೆಳಕು ಒಳಗೆ ಹೋಗದಿದ್ದರೆ ಪಾಚಿ ಕಟ್ಟಲ್ಲ, ಸೊಳ್ಳೆಗೆ ದಾರಿ ಇಲ್ಲದಿದ್ದರೆ ಮೊಟ್ಟೆ ಇಡಲ್ಲ. ಕುಡಿಯುವ ಮುಂಚೆ ಕುದಿಸಿ. @ಕಾಫಿ ಲೋಟ, ನಿಮ್ಮ ಕುದಿಸುವ ಸಲಹೆ ಇಲ್ಲಿ ಕೆಲಸಕ್ಕೆ ಬಂತು ನೋಡಿ. ತೊಟ್ಟಿ ದುಡ್ಡಿನ ಮಾತು ನಿಜ. ಪಂಚಾಯ್ತಿಯಿಂದ ಶಾಲೆ, ಅಂಗನವಾಡಿಗಳ ಚಾವಣಿಯಲ್ಲಾದರೂ ಶುರು ಮಾಡಬಹುದು.

ಬೆಂಗಳೂರು ಬಾಡಿಗೆದಾರ
ತುಂಗಭದ್ರಾ ಹಿನ್ನೀರಿನ ಯೋಜನೆ ಪಾವಗಡಕ್ಕೇ ತಾನೇ? ನದಿ ನೀರು ಬಂದರೆ ಮುಗಿಯಿತು. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅಂತಲೇ ಇದೆ.

ದೋಆಬ್ ಹುಡುಗ
ನದಿ ನೀರು ಬಂದರೆ ಫ್ಲೋರೈಡ್ ಕಾಟ ಖಂಡಿತ ಕಡಿಮೆಯಾಗುತ್ತದೆ. ಆದರೆ ಅದನ್ನು ಶುದ್ಧ ಮಾಡಿ ಕಳಿಸಬೇಕು. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು, ಅದೂ ಕೃಷ್ಣಾ, ತುಂಗಭದ್ರಾ ಎರಡರ ನಡುವೆ ಇರುವ ಊರಲ್ಲಿ. ಮತ್ತೆ ನದಿ ನೀರು ವಾರಕ್ಕೊಮ್ಮೆ ಬಂದರೆ ಉಳಿದ ದಿನ ಅದೇ ಪೈಪಿನಲ್ಲಿ ಬೋರ್ ನೀರು ಬಿಡುತ್ತಾರೆ. ಯಾವ ದಿನ ಯಾವುದು ಅಂತ ವಾಟರ್‌ಮನ್‌ನ ಕೇಳಿಕೊಳ್ಳಬೇಕು.

ಪಾವಗಡದ ಸೊಸೆ
ನಮ್ಮಲ್ಲಿ ಪೈಪು, ಮೀಟರು ಎಲ್ಲಾ ಬಂದಿದೆ. ಬರೋದು ಸದ್ಯಕ್ಕೆ ಬೋರ್ ನೀರೇ. ಸರಿ, ಮೊದಲು ಪರೀಕ್ಷೆ ಮಾಡಿಸುತ್ತೇವೆ. ಎಲ್ಲಿ, ಹೇಗೆ?

ಲ್ಯಾಬ್ ಮೇಷ್ಟ್ರು
ಜಲಜೀವನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತ ಇದೆ. ಆಶಾ ಅಥವಾ ಸ್ತ್ರೀಶಕ್ತಿ ಸಂಘದವರನ್ನು ವಿಚಾರಿಸಿ. ಫ್ಲೋರೈಡ್ ಕಿಟ್‌ನಲ್ಲಿ ಹನಿ ಹಾಕಿದಾಗ ಬಣ್ಣ ಗುಲಾಬಿಯಿಂದ ಹಳದಿಗೆ ಹೋದಷ್ಟೂ ಫ್ಲೋರೈಡ್ ಜಾಸ್ತಿ. ಅದು ಅಂದಾಜು. ಸರಿಯಾದ ಅಂಕಿಗೆ ಗ್ರಾಮೀಣ ನೀರು ಸರಬರಾಜು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ.

ನಲ್ಲಿ ನೀರು, ಘಟಕ ಮತ್ತೆ ಶುರುವಾದರೆ ಅದರ ನೀರು, ಕ್ಯಾನ್ ನೀರು, ಮೂರನ್ನೂ ಬೇರೆ ಬೇರೆ ಕೊಡಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಇರಲಿ. ಅದೇ ನೀರಲ್ಲಿ ಎರಡು ಮೂರು ಸಲ ಗಲಬರಿಸಿ ಒಂದು ಲೀಟರ್ ತುಂಬಿ. ಬೋರ್ ಆದರೆ ಮೋಟರ್ ಹಾಕಿ ಐದು ನಿಮಿಷ ಬಿಟ್ಟು ಹಿಡಿಯಿರಿ. ಊರು, ಬೋರ್ ಇರುವ ಜಾಗ, ತಾರೀಖು ಬರೆದು ಅಂಟಿಸಿ. ವರದಿ ಕೈಗೆ ಬಂದ ಮೇಲೆ ಪಂಚಾಯ್ತಿಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸಿ, ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಕಾಯಿನ್ ಬಾಕ್ಸ್
ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ. ಘಟಕದ ನಿರ್ವಹಣೆ ಗುತ್ತಿಗೆ ಯಾವ ದಿನದ ತನಕ ಇದೆ, ಕಾಯಿನ್ ದುಡ್ಡು ಯಾವ ಖಾತೆಗೆ ಹೋಗಿದೆ ಅಂತ ಕೇಳಿ. ಈ ಎರಡು ಕೇಳಿದ ಮೇಲೆ ಫೋನ್ ಎತ್ತುವವರು ಇದ್ದಾರೆ.

ಕಾಫಿ ಲೋಟ
ಕಾಫಿಯಲ್ಲಿ ಫ್ಲೋರೈಡ್ ಇಲ್ಲ ತಾನೇ? ಟೀ ಬಗ್ಗೆ ಮಾತ್ರ ಹೇಳಿದಿರಿ.

ಊಟದ ಡಬ್ಬಿ
ಟೀಗೆ ಹೋಲಿಸಿದರೆ ಬಹಳ ಕಡಿಮೆ. ಡಿಕಾಕ್ಷನ್‌ಗೆ ಯಾವ ನೀರು ಹಾಕುತ್ತೀರಿ ಅನ್ನೋದೇ ಮುಖ್ಯ.